ಬಿಚ್ಚಿಕೊಳ್ಳುವ ನವಿಲುಗರಿ: ವೇಷದೊಳಗಿನ ವಿಜ್ಞಾನ, ಮಾರಾಟದ ಲೆಕ್ಕ

ಶಾಲಾ ವಾರ್ಷಿಕೋತ್ಸವ ಬಂತೆಂದರೆ ನವಿಲಿನ ನೃತ್ಯ ಇದ್ದೇ ಇರುತ್ತದೆ. ಮಗುವಿನ ಬೆನ್ನಿನ ಹಿಂದೆ ಬೀಸಣಿಗೆಯಂತೆ ಗರಿ ಬಿಚ್ಚಿಕೊಂಡಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಮನೆಯಲ್ಲಿ ಚೆನ್ನಾಗಿ ಬಿಚ್ಚಿಕೊಂಡ ಗರಿ ವೇದಿಕೆಯ ಮೇಲೆ ಅರ್ಧಕ್ಕೆ ನಿಂತುಬಿಡುವುದೂ ಉಂಟು. ಕಡ್ಡಿ ವಾಲುತ್ತದೆ, ದಾರ ಸಿಕ್ಕಿಕೊಳ್ಳುತ್ತದೆ, ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಇದಕ್ಕೆ ಕಾರಣ ದುರದೃಷ್ಟವಲ್ಲ. ಸನ್ನೆ, ಗುರುತ್ವ ಕೇಂದ್ರ, ಘರ್ಷಣೆ, ವಿದ್ಯುತ್ ಪ್ರವಾಹ ಎಂಬ ಪರಿಚಿತ ವಿಷಯಗಳಲ್ಲೇ ಅದರ ಕಾರಣ ಅಡಗಿದೆ.

ಒಮ್ಮೆ ಕೆಲಸ ಮಾಡುವ ವಸ್ತುವನ್ನು ತಯಾರಿಸುವುದು ಒಂದು ಹಂತ. ಇನ್ನೊಬ್ಬರ ಮಗುವಿಗೆ ಹಣ ಪಡೆದು ಕೊಡಬಹುದಾದ ವಸ್ತುವನ್ನು ತಯಾರಿಸುವುದು ಬೇರೆಯೇ ಹಂತ. ಇವೆರಡರ ನಡುವಿನ ಅಂತರವನ್ನು ದಾಟಲು ಏನೇನು ಬೇಕು? ಹೈಸ್ಕೂಲು ವಿದ್ಯಾರ್ಥಿಗಳು ಬಿದಿರು, ಬಟ್ಟೆ, ರಬ್ಬರ್‌ಗಳಿಂದ ಮಾಡಬಹುದಾದ ಒಂದು ನವಿಲುಗರಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ನೋಡೋಣ.

ಕೀಲುಕುದುರೆ ಕಲಿಸುವ ಪಾಠ

ಚಲಿಸುವ ವೇಷ ನಮಗೆ ಹೊಸದಲ್ಲ. ಜಾತ್ರೆ, ಉತ್ಸವಗಳ ಮೆರವಣಿಗೆಗಳಲ್ಲಿ ಕುಣಿಯುವ ಕೀಲುಕುದುರೆಯನ್ನು ಎಲ್ಲರೂ ನೋಡಿರುತ್ತೀರಿ. ಹಗುರವಾದ ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿದ ಟೊಳ್ಳು ಕುದುರೆ ಅದು. ಕಲಾವಿದ ಅದರ ನಡುವೆ ನಿಂತು, ಅದರ ಭಾರವನ್ನು ಪಟ್ಟಿಗಳ ಮೂಲಕ ಭುಜಕ್ಕೆ ಹಾಕಿಕೊಳ್ಳುತ್ತಾನೆ. ಅದರಲ್ಲಿ ಮೋಟಾರು ಇಲ್ಲ, ಬ್ಯಾಟರಿಯೂ ಇಲ್ಲ. ಕುಣಿಯುವವನ ದೇಹವೇ ಅದರ ಎಂಜಿನ್. ಆದರೂ ಕುದುರೆ ಜಿಗಿದಂತೆ, ಹಿಂಗಾಲಿನ ಮೇಲೆ ನಿಂತಂತೆ ಕಾಣುತ್ತದೆ.

ಇದರಿಂದ ಎರಡು ಸೂತ್ರಗಳನ್ನು ಕಲಿಯಬಹುದು. ಮೊದಲನೆಯದು, ಧರಿಸುವ ವಸ್ತು ಹಗುರವಾಗಿರಬೇಕು ಮತ್ತು ಅದರ ಭಾರ ದೇಹಕ್ಕೆ ಹತ್ತಿರವಿರಬೇಕು. ಎರಡನೆಯದು, ಮನುಷ್ಯನ ಚಲನೆಯಿಂದಲೇ ಆಗುವ ಕೆಲಸಕ್ಕೆ ಮೋಟಾರು ಬೇಡ.

ಹೊರದೇಶಗಳಲ್ಲಿ ಇಂಥ ಪರಿಕರಗಳಿಗೆ ವಿದ್ಯುತ್ ಸೇರಿ ಬಹಳ ಕಾಲವಾಯಿತು. ಜಪಾನಿನ ನ್ಯೂರೋವೇರ್ ತಂಡ 2011ರಲ್ಲಿ ‘ನೆಕೊಮಿಮಿ’ ಎಂಬ ಬೆಕ್ಕಿನ ಕಿವಿಗಳನ್ನು ಪ್ರದರ್ಶಿಸಿತು. ಹಣೆಗೆ ತಾಗುವ ಸಂವೇದಕ ಮಿದುಳಿನ ವಿದ್ಯುತ್ ಸಂಕೇತಗಳನ್ನು ಗ್ರಹಿಸುತ್ತದೆ, ಅದಕ್ಕೆ ತಕ್ಕಂತೆ ಸಣ್ಣ ಮೋಟಾರುಗಳು ಕಿವಿಗಳನ್ನು ನಿಮಿರಿಸುತ್ತವೆ ಅಥವಾ ಬಾಗಿಸುತ್ತವೆ. ಬೆಂಗಳೂರಿನಲ್ಲಿಯೂ ಇಂಥ ಪ್ರಯೋಗಗಳಿಗೆ ಸ್ಥಳ ದೊರೆತಿದೆ. ಹಲಸೂರು ಮೆಟ್ರೊ ನಿಲ್ದಾಣದ ಕೆಳಗೆ 2010ರ ದಶಕದಲ್ಲಿ ‘ವರ್ಕ್‌ಬೆಂಚ್ ಪ್ರಾಜೆಕ್ಟ್ಸ್’ ಎಂಬ ಸಾರ್ವಜನಿಕ ಕಾರ್ಯಾಗಾರ ನೆಲೆಗೊಂಡಿತು. ಸ್ವಂತ ಉಪಕರಣಗಳಿಲ್ಲದವರೂ ಅಲ್ಲಿ ತಮ್ಮ ಕಲ್ಪನೆಯನ್ನು ಮಾದರಿಯಾಗಿ ಮಾಡಿ ನೋಡಬಹುದಾಗಿತ್ತು.

ನಿಜವಾದ ನವಿಲು ಏನು ಮಾಡುತ್ತದೆ?

ನಾವು ‘ಬಾಲ’ ಎಂದು ಕರೆಯುವ ಉದ್ದನೆಯ ಗರಿಗಳು ನವಿಲಿನ ನಿಜವಾದ ಬಾಲವಲ್ಲ. ಅವು ಬಾಲದ ಮೇಲ್ಭಾಗವನ್ನು ಮುಚ್ಚುವ ಹೊದಿಕೆಗರಿಗಳು. ನಿಜವಾದ ಬಾಲ ಗಿಡ್ಡವಾದ, ಗಟ್ಟಿಯಾದ ಸುಮಾರು 20 ಗರಿಗಳದು. ಅದು ಹಿಂದಿನಿಂದ ಊರುಗೋಲಿನಂತೆ ಆಧಾರ ಕೊಡುವುದರಿಂದಲೇ ನೂರೈವತ್ತಕ್ಕೂ ಹೆಚ್ಚಿನ ಉದ್ದದ ಗರಿಗಳು ಎದ್ದು ನಿಲ್ಲುತ್ತವೆ. ಗಟ್ಟಿಯಾದ, ಗಿಡ್ಡವಾದ ಭಾಗ ಭಾರ ಹೊರುತ್ತದೆ. ಉದ್ದವಾದ, ಹಗುರವಾದ ಭಾಗ ಅಲಂಕಾರಕ್ಕೆ. ವೇಷ ತಯಾರಿಸುವವರು ಅನುಸರಿಸಬೇಕಾದ ವಿನ್ಯಾಸವೂ ಇದೇ.

ಸಾಮಗ್ರಿ

ಕಂಟೋನ್ಮೆಂಟ್ ಭಾಗದಲ್ಲಿ ಇದಕ್ಕೆ ಬೇಕಾದ ಬಹುತೇಕ ವಸ್ತುಗಳು ಸಿಗುತ್ತವೆ. ಗರಿಯ ಕಡ್ಡಿಗಳಿಗೆ ಸೀಳಿದ ಬಿದಿರು ಉತ್ತಮ. ದಂಡು ರೈಲು ನಿಲ್ದಾಣದ ಬಳಿ ಬಂಬೂ ಬಜಾರ್ ಎಂಬ ಹೆಸರಿನ ಪ್ರದೇಶವೇ ಇದೆ. ಬಟ್ಟೆ, ಜರಿಪಟ್ಟಿ, ಗುಂಡಿಗಳಿಗೆ ಕಮರ್ಷಿಯಲ್ ಸ್ಟ್ರೀಟ್ ಮತ್ತು ಅದರ ಅಡ್ಡರಸ್ತೆಗಳಿವೆ. ಕೊಂಡಿಗೆ ಬೇಕಾದ ತಂತಿಗೆ ಸೈಕಲ್ ಚಕ್ರದ ಹಳೆಯ ಕಡ್ಡಿ ಸಾಕು.

ಶಿವಾಜಿನಗರದ ಗುಜರಿಯಲ್ಲಿ ಹಳೆಯ ವಾಹನಗಳ ಬಿಡಿಭಾಗಗಳು ಸಿಗುತ್ತವೆ. ಕಾರಿನ ಗಾಜು ಒರೆಸುವ ವೈಪರ್ ಮೋಟಾರನ್ನು ನೋಡಿದ ಉತ್ಸಾಹಿಗಳಿಗೆ ‘ಇದನ್ನೇ ಬಳಸಿದರೆ ಹೇಗೆ?’ ಎನ್ನಿಸಬಹುದು. ಅದರೊಳಗಿನ ತಿರುಪು ಗಿಯರು ಮೋಟಾರಿನ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುತ್ತದೆ. ಅದಕ್ಕೆ ಜೋಡಿಸುವ ಕೊಂಡಿಗಳು ಒಂದೇ ದಿಕ್ಕಿನ ತಿರುಗಾಟವನ್ನು ಹಿಂದುಮುಂದಿನ ಓಲಾಟವಾಗಿ ಬದಲಿಸುತ್ತವೆ. ತರಗತಿಯಲ್ಲಿ ಬಿಚ್ಚಿ ತೋರಿಸಲು ಅದು ಬಹಳ ಒಳ್ಳೆಯ ವಸ್ತು. ಆದರೆ ಅದು ಹತ್ತಿರ ಹತ್ತಿರ ಒಂದು ಕಿಲೋಗ್ರಾಂ ತೂಗುತ್ತದೆ, 12 ವೋಲ್ಟ್ ಕೇಳುತ್ತದೆ. ಮಗುವಿನ ಬೆನ್ನಿಗೆ ಅದು ಸಲ್ಲದು. 2020ರ ರಾಷ್ಟ್ರೀಯ ಶಾಲಾಚೀಲ ನೀತಿಯ ಪ್ರಕಾರ ಚೀಲದ ತೂಕ ಮಗುವಿನ ತೂಕದ ಶೇಕಡ 10ನ್ನು ಮೀರಬಾರದು. ಸುಮ್ಮನೆ ನಡೆಯುವಾಗಲೇ ಇಷ್ಟು ಮಿತಿ ಇರುವಾಗ, ಕುಣಿಯುವ ಮಗುವಿನ ಹೊರೆ ಇನ್ನೂ ಕಡಿಮೆ ಇರಬೇಕು. 20 ಕಿ.ಗ್ರಾಂ ತೂಗುವ ಮಗುವಿಗೆ ನಮ್ಮ ಗರಿ ಒಟ್ಟು 500 ಗ್ರಾಂ ಮೀರದಿರಲಿ ಎಂದು ಮೊದಲೇ ನಿಶ್ಚಯಿಸಿಕೊಳ್ಳೋಣ.

ಕೀಲಿನ ರಚನೆ

ತೆಳುವಾದ ಪ್ಲೈವುಡ್ ಹಲಗೆಯೊಂದನ್ನು (15 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ) ಅಗಲವಾದ ಸೊಂಟಪಟ್ಟಿಗೆ ಭದ್ರಪಡಿಸಿ, ಎರಡು ಭುಜಪಟ್ಟಿ ಹೊಲಿಯಿರಿ. ಹಲಗೆಯ ನಡುವೆ 50 ಸೆಂ.ಮೀ. ಉದ್ದದ ಒಂದು ಕಡ್ಡಿಯನ್ನು ನೆಟ್ಟಗೆ ಅಲುಗಾಡದಂತೆ ನಿಲ್ಲಿಸಿ. ಅದರ ಎಡಕ್ಕೊಂದು, ಬಲಕ್ಕೊಂದು ಬೋಲ್ಟ್ ಹಾಕಿ, ಪ್ರತಿ ಬೋಲ್ಟಿಗೂ ಅಷ್ಟೇ ಉದ್ದದ ಮೂರು ಕಡ್ಡಿಗಳನ್ನು ಪೋಣಿಸಿ. ಕಡ್ಡಿ ಕಡ್ಡಿಯ ನಡುವೆ ಒಂದೊಂದು ವಾಷರ್ ಇರಲಿ. ಇದರಿಂದ ಘರ್ಷಣೆ ತಗ್ಗುತ್ತದೆ. ತಾನಾಗಿ ಸಡಿಲವಾಗದ ನೈಲಾನ್ ಬಳೆಯ ನಟ್ಟನ್ನು ಹಾಕಿ, ಕಡ್ಡಿ ಸಲೀಸಾಗಿ ತಿರುಗುವಷ್ಟೇ ಬಿಗಿ ಮಾಡಿ.

ಎಲ್ಲ ಕಡ್ಡಿಗಳಿಗೂ ಗರಿಯ ಆಕಾರದ ಹಗುರ ಬಟ್ಟೆ ಅಂಟಿಸಿ, ಅಕ್ಕಪಕ್ಕದ ಕಡ್ಡಿಗಳನ್ನು ದಾರದಿಂದ ಸೇರಿಸಿ. ದಾರದ ಉದ್ದ ಎರಡು ಕಡ್ಡಿಗಳ ನಡುವೆ 30 ಡಿಗ್ರಿ ಕೋನ ಉಂಟಾಗುವಷ್ಟಿರಲಿ. ಈಗ ಅತಿ ಹೊರಗಿನ ಕಡ್ಡಿಯನ್ನು ಮಾತ್ರ ಎಳೆದರೆ ಸಾಕು, ಉಳಿದವು ಒಂದರ ಹಿಂದೊಂದರಂತೆ ಬಿಚ್ಚಿಕೊಳ್ಳುತ್ತವೆ. ಪೂರ್ತಿ ಬಿಚ್ಚಿದಾಗ ನೆಟ್ಟಗಿನ ಕಡ್ಡಿಯಿಂದ ಅವುಗಳ ಕೋನ 30, 60, 90 ಡಿಗ್ರಿಯಾಗಿರುತ್ತದೆ.

ಭಾರದ ಲೆಕ್ಕ

ಒಂದು ಕಡ್ಡಿ ಮತ್ತು ಅದರ ಬಟ್ಟೆ ಸೇರಿ 16 ಗ್ರಾಂ ಎಂದುಕೊಳ್ಳಿ. ಬರಿಯ ಕಡ್ಡಿಯ ಗುರುತ್ವ ಕೇಂದ್ರ ನಡುವಿನಲ್ಲಿ, ಅಂದರೆ 25 ಸೆಂ.ಮೀ. ದೂರದಲ್ಲಿರುತ್ತದೆ. ಗರಿಯ ಅಗಲ ಭಾಗ ತುದಿಯಲ್ಲಿರುವುದರಿಂದ ಅದು ಸುಮಾರು 30 ಸೆಂ.ಮೀ.ಗೆ ಸರಿಯುತ್ತದೆ. ಕಡ್ಡಿಯನ್ನು ಬೆರಳಿನ ಮೇಲೆ ಸಮತೋಲದಲ್ಲಿ ನಿಲ್ಲಿಸಿ ಈ ಬಿಂದುವನ್ನು ನೀವೇ ಕಂಡುಹಿಡಿಯಬಹುದು.

ಕಡ್ಡಿ ಅಡ್ಡಲಾಗಿರುವಾಗ ಅದನ್ನು ಕೆಳಕ್ಕೆ ತಿರುಗಿಸುವ ಪರಿಣಾಮ, ಅಂದರೆ ಟಾರ್ಕ್, 16 × 30 = 480 ಗ್ರಾಂ-ಸೆಂ.ಮೀ. ವಾಲಿಕೊಂಡಿರುವ ಕಡ್ಡಿಗಳಿಗೆ ಇದನ್ನು ಕೋನದ ಸೈನ್ ಬೆಲೆಯಿಂದ ಗುಣಿಸಬೇಕು. 60 ಡಿಗ್ರಿಯ ಕಡ್ಡಿಗೆ 480 × 0.87 = 418, 30 ಡಿಗ್ರಿಯದಕ್ಕೆ 480 × 0.5 = 240. ಒಂದು ಬದಿಯ ಒಟ್ಟು ಮೊತ್ತ 1,138 ಗ್ರಾಂ-ಸೆಂ.ಮೀ., ಅಂದರೆ ಸುಮಾರು 1.14 ಕಿ.ಗ್ರಾಂ-ಸೆಂ.ಮೀ. (ಒಂದು ಕಿ.ಗ್ರಾಂ-ಸೆಂ.ಮೀ. ಎಂದರೆ ಸುಮಾರು 0.098 ನ್ಯೂಟನ್-ಮೀಟರ್.)

ಗರಿ ಇನ್ನೂ ದೊಡ್ಡದಾಗಿ ಕಾಣಲೆಂದು ಕಡ್ಡಿಯ ಉದ್ದವನ್ನು ಇಮ್ಮಡಿಗೊಳಿಸಿದರೆ ಏನಾಗುತ್ತದೆ? ತೂಕವೂ ಇಮ್ಮಡಿ, ದೂರವೂ ಇಮ್ಮಡಿ. ಹೀಗಾಗಿ ಟಾರ್ಕ್ ನಾಲ್ಕು ಪಟ್ಟು, ಅಂದರೆ 4.5 ಕಿ.ಗ್ರಾಂ-ಸೆಂ.ಮೀ. ದಾಟುತ್ತದೆ! ಚಿಕ್ಕ ಮಾದರಿ ಸರಾಗವಾಗಿ ಕೆಲಸ ಮಾಡಿ, ದೊಡ್ಡದು ಕೈಕೊಡುವುದು ಇದರಿಂದಲೇ.

ರಬ್ಬರ್ ಎಂಬ ಸಹಾಯಕ

ಗುರುತ್ವವನ್ನು ಎದುರಿಸಲು ಮೋಟಾರೇ ಬೇಕೆಂದಿಲ್ಲ. ನಡುವಿನ ಕಡ್ಡಿಯಲ್ಲಿ ಕೀಲಿನಿಂದ 5 ಸೆಂ.ಮೀ. ಮೇಲೆ ಒಂದು ಕೊಕ್ಕೆ, ಹೊರಗಿನ ಕಡ್ಡಿಯಲ್ಲಿಯೂ ಅಷ್ಟೇ ದೂರದಲ್ಲಿ ಇನ್ನೊಂದು ಕೊಕ್ಕೆ ಹಾಕಿ, ಎರಡಕ್ಕೂ ರಬ್ಬರ್ ಬ್ಯಾಂಡ್ ಬಿಗಿಯಿರಿ. ಗರಿ ಮಡಚಿದ್ದಾಗ ರಬ್ಬರ್ ಸಡಿಲವಾಗಿರುತ್ತದೆ. ಆಗ ಕಡ್ಡಿಗಳನ್ನು ಬೀಳಿಸುವ ಟಾರ್ಕ್ ಕೂಡ ಇಲ್ಲವೆನ್ನುವಷ್ಟು ಕಡಿಮೆ. ಗರಿ ಬಿಚ್ಚಿಕೊಂಡಂತೆಲ್ಲ ಆ ಟಾರ್ಕ್ ಹೆಚ್ಚುತ್ತದೆ, ರಬ್ಬರಿನ ಎಳೆತವೂ ಹೆಚ್ಚುತ್ತದೆ. ಹೀಗೆ ಒಂದು ಇನ್ನೊಂದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಜಾರ್ಜ್ ಕಾರ್ವರ್ಡೈನ್ 1930ರ ದಶಕದಲ್ಲಿ ರೂಪಿಸಿದ ಮೇಜುದೀಪ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವುದು ಸ್ಪ್ರಿಂಗ್‌ಗಳ ಇಂಥದೇ ಸಮತೋಲದಿಂದ.

ಗರಿ ಪೂರ್ತಿ ಬಿಚ್ಚಿದಾಗ ಈ ರಬ್ಬರ್ 45 ಡಿಗ್ರಿ ಓರೆಯಾಗಿ ಎಳೆಯುತ್ತದೆ. ಕೀಲಿನಿಂದ ಅದರ ಲಂಬದೂರ ಸುಮಾರು 3.5 ಸೆಂ.ಮೀ. ರಬ್ಬರಿನ ಎಳೆತ 400 ಗ್ರಾಂ ತೂಕದಷ್ಟಿದ್ದರೆ ಅದರ ಟಾರ್ಕ್ 1.4 ಕಿ.ಗ್ರಾಂ-ಸೆಂ.ಮೀ. ಇದು ಗರಿಯ 1.14ಕ್ಕಿಂತ ತುಸು ಹೆಚ್ಚು. ಆದ್ದರಿಂದ ಗರಿ ತಾನಾಗಿ ಮಡಚಿಕೊಳ್ಳುತ್ತದೆ. ಬಿಚ್ಚಲು ಬೇಕಾದ್ದು ಇವೆರಡರ ವ್ಯತ್ಯಾಸ ಮಾತ್ರ, ಅಂದರೆ 0.26 ಕಿ.ಗ್ರಾಂ-ಸೆಂ.ಮೀ. ಕೀಲಿನಿಂದ 5 ಸೆಂ.ಮೀ. ದೂರದಲ್ಲಿ ದಾರ ಕಟ್ಟಿ ಎಳೆದರೆ ಒಂದು ಬದಿಗೆ ಸುಮಾರು 52 ಗ್ರಾಂ, ಎರಡು ಬದಿಗೂ ಸೇರಿ ಒಂದು ಟೊಮೆಟೊ ಎತ್ತುವಷ್ಟು ಬಲ! ಘರ್ಷಣೆ ಹಾಗೂ ದಾರದ ಓರೆಯಿಂದ ಅದು ಇನ್ನಷ್ಟು ಹೆಚ್ಚಾದರೂ ಚಿಕ್ಕ ಮಗುವಿನ ಕೈಗೆ ಭಾರವಾಗದು. ರಬ್ಬರಿನ ಎಳೆತವನ್ನು ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಯಿಂದ ಅಳೆಯಿರಿ.

ಮೋಟಾರು ಬೇಕೇ ಬೇಕೆಂದರೆ

ಕುಣಿಯುವ ಮಗುವಿಗೆ ಎರಡು ಕೈಗಳೂ ಅಭಿನಯಕ್ಕೆ ಬೇಕು ಎಂದಾದರೆ ಸರ್ವೊ ಮೋಟಾರು ಬಳಸಬಹುದು. ಹವ್ಯಾಸಿಗಳು ಹೆಚ್ಚಾಗಿ ಬಳಸುವ ಎಸ್‌ಜಿ90 ಮಾದರಿ 9 ಗ್ರಾಂ ತೂಗುತ್ತದೆ. 4.8 ವೋಲ್ಟಿನಲ್ಲಿ ಅದರ ಗರಿಷ್ಠ ಟಾರ್ಕ್ 1.8 ಕಿ.ಗ್ರಾಂ-ಸೆಂ.ಮೀ. ಇದು ಮೋಟಾರು ತಿರುಗಲಾರದೆ ನಿಂತುಬಿಡುವ ಹಂತದ ಅಂಕಿ ಎಂಬುದನ್ನು ಗಮನಿಸಿ. ನಿತ್ಯದ ಕೆಲಸಕ್ಕೆ ಇದರ ಅರ್ಧದೊಳಗೆ, ಅಂದರೆ 0.9ರೊಳಗೆ ಇರುವುದು ಕ್ಷೇಮ. ನಮ್ಮ 1.14 ಅದನ್ನು ಮೀರುತ್ತದೆ. ರಬ್ಬರಿನ ಟಾರ್ಕನ್ನು 0.6ಕ್ಕೆ ಹೊಂದಿಸಿದರೆ ಮೋಟಾರಿಗೆ ಉಳಿಯುವುದು 0.54 ಮಾತ್ರ. ಬದಿಗೊಂದರಂತೆ ಎರಡು ಮೋಟಾರು ಸಾಕಾಗುತ್ತವೆ. ಕಡ್ಡಿಯನ್ನು ನೇರವಾಗಿ ಮೋಟಾರಿನ ಅಚ್ಚಿಗೆ ಸಿಕ್ಕಿಸಬೇಡಿ. ಭಾರವನ್ನು ಬೋಲ್ಟ್ ಹೊರಲಿ, ಮೋಟಾರು ಸೈಕಲ್ ಕಡ್ಡಿಯ ಕೊಂಡಿಯ ಮೂಲಕ ತಳ್ಳಲಿ, ಎಳೆಯಲಿ.

ಸರ್ವೊಗೆ ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಒಂದು ವಿದ್ಯುತ್ ಮಿಡಿತ ಹೋಗುತ್ತದೆ. ಮಿಡಿತದ ಅವಧಿ ಸುಮಾರು 1ರಿಂದ 2 ಮಿಲಿಸೆಕೆಂಡ್. ಆ ಅವಧಿಯೇ ಮೋಟಾರು ಯಾವ ಕೋನಕ್ಕೆ ತಿರುಗಬೇಕೆಂಬುದನ್ನು ಹೇಳುತ್ತದೆ. ಆರ್ಡುಯಿನೊದಂಥ ಸಣ್ಣ ನಿಯಂತ್ರಕದಿಂದ ಪ್ರತಿ ಮಿಡಿತಕ್ಕೂ ಒಂದೊಂದೇ ಡಿಗ್ರಿ ಹೆಚ್ಚಿಸುತ್ತ ಹೋದರೆ 90 ಡಿಗ್ರಿ ತಲುಪಲು 1.8 ಸೆಕೆಂಡ್ ಹಿಡಿಯುತ್ತದೆ. ಹಾಗೆ ಮಾಡದೆ ಮೋಟಾರನ್ನು ಅದರ ಪೂರ್ಣ ವೇಗಕ್ಕೆ ಬಿಟ್ಟರೆ, ಭಾರವಿಲ್ಲದಾಗ ಅದು 0.15 ಸೆಕೆಂಡಿನಲ್ಲೇ ಅಷ್ಟು ತಿರುಗಬಲ್ಲದು. ಅಂದರೆ 12 ಪಟ್ಟು ವೇಗ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಕಡ್ಡಿಯ ಹೊಡೆತ 144 ಪಟ್ಟು! ಪಕ್ಕದಲ್ಲಿ ಕುಣಿಯುವ ಮಗುವಿನ ಕಣ್ಣನ್ನು ನೆನೆದರೆ ನಿಧಾನದ ಬೆಲೆ ಅರ್ಥವಾಗುತ್ತದೆ.

ಬ್ಯಾಟರಿಯ ಆಯ್ಕೆಯಲ್ಲಿ ಹಲವರು ಎಡವುತ್ತಾರೆ. ಚೌಕಾಕಾರದ 9 ವೋಲ್ಟ್ ಬ್ಯಾಟರಿಯೊಳಗೆ ಆರು ಪುಟ್ಟ ಕೋಶಗಳಿರುತ್ತವೆ. ಅದರ ಆಂತರಿಕ ರೋಧ ಹೆಚ್ಚು, ಆದ್ದರಿಂದ ಮೋಟಾರು ಬೇಡುವ ಪ್ರವಾಹವನ್ನು ಅದು ಕೊಡಲಾರದು. ಅದೂ ಅಲ್ಲದೆ 9 ವೋಲ್ಟ್ ಈ ಮೋಟಾರಿನ ಮಿತಿಗಿಂತ ಹೆಚ್ಚು. ಮರುಚಾರ್ಜ್ ಮಾಡಬಹುದಾದ 1.2 ವೋಲ್ಟಿನ ನಿಕಲ್-ಮೆಟಲ್ ಹೈಡ್ರೈಡ್ ಕೋಶಗಳನ್ನು ನಾಲ್ಕು ಸರಣಿಯಲ್ಲಿ ಜೋಡಿಸಿದರೆ ಸರಿಯಾಗಿ 4.8 ವೋಲ್ಟ್ ಸಿಗುತ್ತದೆ. ಐದು ನಿಮಿಷದ ನೃತ್ಯಕ್ಕೆ ಬೇಕಾಗುವ ಶಕ್ತಿ ಅತ್ಯಲ್ಪ, ಆದ್ದರಿಂದ ಸಣ್ಣ ಎಎಎ ಗಾತ್ರದ ಕೋಶಗಳೇ ಸಾಕು. ಲಿಥಿಯಂ ಕೋಶಗಳು ಹಗುರವಾದರೂ ಜಜ್ಜಿದರೆ ಅಥವಾ ಹ್ರಸ್ವಮಂಡಲವಾದರೆ ಬೆಂಕಿ ಹತ್ತುವ ಅಪಾಯವಿದೆ. ಮಗುವಿನ ಮೈಮೇಲಿನ ವೇಷಕ್ಕೆ ಅವು ಬೇಡ.

ಬೆರಳು, ಕೂದಲು, ಬೆಂಕಿ

ಆಟಿಕೆಗಳ ಸುರಕ್ಷತೆಗೆ ಭಾರತೀಯ ಮಾನಕ ಐಎಸ್ 9873 ಇದೆ. ಅದರ ಮೊದಲ ಭಾಗ ಚೂಪು ಅಂಚು, ಸಣ್ಣ ಬಿಡಿಭಾಗ, ದಾರ, ಕೀಲು ಮುಂತಾದವನ್ನು ಕುರಿತದ್ದು. ಕೀಲಿನ ಬಗೆಗಿನ ಒಂದು ನಿಯಮ ಸ್ವಾರಸ್ಯಕರ: ಕೀಲಿನ ಅಂಚಿನ ಸಂದಿಯಲ್ಲಿ 5 ಮಿ.ಮೀ. ದಪ್ಪದ ಸರಳು ತೂರುವಂತಿದ್ದರೆ, 12 ಮಿ.ಮೀ. ಸರಳೂ ತೂರುವಂತಿರಬೇಕು. ಇದರ ತರ್ಕ ಸರಳ. ಸಂದಿ ಬೆರಳು ಹೋಗದಷ್ಟು ಕಿರಿದಾಗಿರಬೇಕು, ಇಲ್ಲವೇ ಬೆರಳು ಜಜ್ಜದಷ್ಟು ಅಗಲವಾಗಿರಬೇಕು. ನಡುವಿನ ಅಳತೆಯೇ ಅಪಾಯ. ನಮ್ಮ ಹಲಗೆಯ ಕೀಲುಗಳ ಮೇಲೆ ಬಟ್ಟೆಯ ಮುಚ್ಚಳ ಹೊಲಿದರೆ ಬೆರಳೂ ಜಡೆಯೂ ಸಿಕ್ಕುವುದಿಲ್ಲ. ಕಡ್ಡಿಗಳ ತುದಿಗೆ ಮೆತ್ತನೆಯ ಗುಂಡನೆಯ ಟೋಪಿ ಇರಲಿ. ದಾರ ಕುತ್ತಿಗೆಯ ಬಳಿ ಹಾಯದಿರಲಿ.

ಇದೇ ಮಾನಕದ ಎರಡನೆಯ ಭಾಗ ಬೆಂಕಿ ಹತ್ತುವಿಕೆಯನ್ನು ಕುರಿತದ್ದು. ಮುಖವಾಡ, ಕೃತಕ ಗಡ್ಡ, ಛದ್ಮವೇಷದ ಉಡುಪುಗಳು ಅದರ ವ್ಯಾಪ್ತಿಗೆ ಬರುತ್ತವೆ. ತೆಳು ನೈಲಾನ್ ಬಲೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ನೃತ್ಯದಲ್ಲಿ ದೀಪ, ಆರತಿ ಇದ್ದರೆ ಗರಿವೇಷ ಅದರಿಂದ ದೂರವಿರಬೇಕು.

ಬೆಲೆ ಕಟ್ಟುವುದು ಹೇಗೆ?

ಮನೆಯಲ್ಲಿ ಮಾಡಿ ಮಾರುವವರು ಸಾಮಗ್ರಿಯ ಬೆಲೆಯನ್ನಷ್ಟೇ ಲೆಕ್ಕ ಹಿಡಿದು ನಷ್ಟ ಅನುಭವಿಸುವುದು ಸಾಮಾನ್ಯ. ಊಹೆಯ ಅಂಕಿಗಳಿಂದ ಒಂದು ಲೆಕ್ಕ ನೋಡಿ. ಸಾಮಗ್ರಿ 700 ರೂಪಾಯಿ. ನಾಲ್ಕು ಗಂಟೆಯ ಕೆಲಸ, ಗಂಟೆಗೆ 150ರಂತೆ 600 ರೂಪಾಯಿ. ಹತ್ತರಲ್ಲಿ ಒಂದು ಕೆಡುತ್ತದೆ ಎಂದುಕೊಂಡರೆ ಅದಕ್ಕೆ 130. ಪೆಟ್ಟಿಗೆ, ಓಡಾಟಕ್ಕೆ 70. ಒಟ್ಟು 1,500 ರೂಪಾಯಿ. ಇದರಲ್ಲಿ ಲಾಭ ಇನ್ನೂ ಸೇರಿಲ್ಲ.

ಒಂದು ದಿನದ ನೃತ್ಯಕ್ಕೆ ಇಷ್ಟು ಹಣ ಕೊಡುವ ಪೋಷಕರು ಕಡಿಮೆ. ವೇಷಗಳನ್ನು ಬಾಡಿಗೆಗೆ ತರುವ ರೂಢಿ ಬೆಳೆದಿರುವುದು ಇದಕ್ಕಾಗಿಯೇ. ಬಾಡಿಗೆ 200 ರೂಪಾಯಿ, ಅದರಲ್ಲಿ ದುರಸ್ತಿ ಮತ್ತು ಶುಚಿಗೆ 50 ಹೋದರೆ ಉಳಿಯುವುದು 150. ಅಂದರೆ ಹಾಕಿದ ಹಣ ಹಿಂದಿರುಗಲು ಗರಿ ಹತ್ತು ಬಾಡಿಗೆಗಳನ್ನು ತಾಳಬೇಕು. ಅಭ್ಯಾಸ, ಪ್ರದರ್ಶನ ಸೇರಿ ಪ್ರತಿ ಬಾಡಿಗೆಗೆ ನೂರು ಸಲ ಬಿಚ್ಚಿ ಮಡಚಿದರೆ ಒಟ್ಟು ಸಾವಿರ ಸಲ!

ಹೀಗೆ ಹಣದ ಲೆಕ್ಕವೇ ಕೀಲಿನ ಬಾಳಿಕೆಯ ಗುರಿಯನ್ನು ನಿಗದಿಪಡಿಸುತ್ತದೆ. ಕೆ.ಆರ್.ಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಐಟಿಐ ಕಾರ್ಖಾನೆ ತಯಾರಿಸುತ್ತಿದ್ದ ಹಳೆಯ ಟೆಲಿಫೋನುಗಳನ್ನು ನೆನೆಯಿರಿ. ಅವುಗಳ ಡಯಲ್ ಪ್ರತಿ ಅಂಕಿಗೂ ತಿರುಗಿ, ಸ್ಪ್ರಿಂಗ್ ಬಲದಿಂದ ಮತ್ತೆ ಮೊದಲಿನ ಜಾಗಕ್ಕೇ ಬರಬೇಕಿತ್ತು, ಅದೂ ವರ್ಷಗಟ್ಟಲೆ. ನಮ್ಮ ಗರಿಗೂ ಬಾಳಿಕೆಯ ಪರೀಕ್ಷೆ ಬೇಕು. ಆರು ಸೆಕೆಂಡಿಗೊಮ್ಮೆ ಬಿಚ್ಚಿ ಮಡಚಿದರೆ ಸಾವಿರ ಸಲಕ್ಕೆ 100 ನಿಮಿಷ ಸಾಕು. ಪ್ರತಿ ನೂರು ಸಲಕ್ಕೊಮ್ಮೆ ನಟ್ಟು ಸಡಿಲವಾಗಿದೆಯೇ, ರಬ್ಬರಿನ ಎಳೆತ ಎಷ್ಟು ತಗ್ಗಿದೆ, ದಾರ ಎಲ್ಲಿ ಸವೆದಿದೆ ಎಂದು ಬರೆದಿಡಿ. ಮೊದಲು ಕೈಕೊಡುವ ಭಾಗ ಯಾವುದೆಂದು ತಿಳಿದರೆ ಅದನ್ನಷ್ಟೇ ಸುಧಾರಿಸಿದರಾಯಿತು.

ಮಾರುವ ಮುನ್ನ ಕಾನೂನು

ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದಿತು. ಅದರಂತೆ 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ತಯಾರಿಸಿದ ವಸ್ತುಗಳಿಗೆ ಭಾರತೀಯ ಮಾನಕ ಬ್ಯೂರೊದ ಐಎಸ್‌ಐ ಗುರುತು ಕಡ್ಡಾಯ. ವಿದ್ಯುತ್ ಇಲ್ಲದ ಆಟಿಕೆಗೆ ಐಎಸ್ 9873, ವಿದ್ಯುತ್ ಆಟಿಕೆಗೆ ಐಎಸ್ 15644 ಅನ್ವಯಿಸುತ್ತದೆ. ಕಡ್ಡಾಯ ಗುರುತಿನ ವಸ್ತುಗಳನ್ನು ಅದಿಲ್ಲದೆ ಮಾರುವುದನ್ನು ಮಾತ್ರವಲ್ಲ, ಬಾಡಿಗೆಗೆ ಕೊಡುವುದನ್ನೂ 2016ರ ಮಾನಕ ಬ್ಯೂರೊ ಕಾಯಿದೆ ನಿಷೇಧಿಸುತ್ತದೆ. ಕರಕುಶಲ ವಸ್ತುಗಳ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳ ಆಟಿಕೆಗಳಿಗೆ, ಮತ್ತು ಚನ್ನಪಟ್ಟಣದ ಗೊಂಬೆಗಳಂತೆ ಭೌಗೋಳಿಕ ಸೂಚಿ ಪಡೆದ ಉತ್ಪನ್ನಗಳಿಗೆ 2020ರ ಡಿಸೆಂಬರಿನ ತಿದ್ದುಪಡಿ ವಿನಾಯಿತಿ ನೀಡಿತು.

ನಿಮ್ಮ ಗರಿ ಆಟಿಕೆಯೋ, ನೃತ್ಯದ ಪರಿಕರವೋ ಎಂಬುದನ್ನು ನೀವೇ ತೀರ್ಮಾನಿಸದೆ, ಪೀಣ್ಯದಲ್ಲಿರುವ ಮಾನಕ ಬ್ಯೂರೊ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಮಾಡುವುದು ವ್ಯಾಪಾರವಲ್ಲ. ವಯಸ್ಕ ನೃತ್ಯಗಾರರು, ವೇಷಪ್ರಿಯರು ಬೇರೆಯೇ ಗಿರಾಕಿಗಳು. ಕೆ.ಆರ್.ಪುರದಿಂದಾಚೆ ವೈಟ್‌ಫೀಲ್ಡಿನ ಕೆಟಿಪಿಒ ಸಭಾಂಗಣದಲ್ಲಿ ನಡೆದ ಕಾಮಿಕ್ ಕಾನ್ ಮೇಳಗಳಲ್ಲಿ ತಾವೇ ತಯಾರಿಸಿದ ವೇಷ ತೊಟ್ಟು ಬಂದವರು ಅನೇಕರು. ವಯಸ್ಕರಿಗೆ ಮಾರುವಾಗ ಆಟಿಕೆ ಆದೇಶ ಅಡ್ಡ ಬರದಿದ್ದರೂ ಬೆರಳು, ಬೆಂಕಿಯ ಎಚ್ಚರಿಕೆ ತಪ್ಪುವುದಿಲ್ಲ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಇದನ್ನು ನಾಲ್ಕು ತಂಡಗಳಿಗೆ ಹಂಚಬಹುದು. ಒಂದು ತಂಡ ಕಡ್ಡಿಯ ಗುರುತ್ವ ಕೇಂದ್ರ ಕಂಡುಹಿಡಿದು ಟಾರ್ಕ್ ಲೆಕ್ಕ ಹಾಕಲಿ. ಎರಡನೆಯದು ರಬ್ಬರಿನ ಉದ್ದಕ್ಕೂ ಎಳೆತಕ್ಕೂ ಇರುವ ಸಂಬಂಧದ ನಕ್ಷೆ ಬರೆಯಲಿ. ಮೂರನೆಯದು ಬಾಳಿಕೆಯ ಪರೀಕ್ಷೆ ನಡೆಸಲಿ. ನಾಲ್ಕನೆಯದು ತಮ್ಮ ಊರಿನ ನಿಜವಾದ ಬೆಲೆಗಳನ್ನು ವಿಚಾರಿಸಿ ಖರ್ಚಿನ ಪಟ್ಟಿ ತಯಾರಿಸಲಿ. ಕೊನೆಗೆ ನಾಲ್ಕೂ ತಂಡಗಳು ಒಟ್ಟಿಗೆ ಕುಳಿತು ಒಂದು ಪ್ರಶ್ನೆಗೆ ಉತ್ತರಿಸಲಿ: ‘ಈ ಗರಿಯನ್ನು ನಮ್ಮ ಮನೆಯ ಚಿಕ್ಕ ಮಗುವಿಗೆ ಧೈರ್ಯವಾಗಿ ತೊಡಿಸುತ್ತೇವೆಯೇ?’ ಉತ್ತರ ‘ಹೌದು’ ಎಂದಾದ ಮೇಲೆ ಬೆಲೆಯ ಚೀಟಿ ಅಂಟಿಸುವ ಮಾತು.